ಭೂಸ್ವಾಧೀನದ ಬೆಲೆ: ಪ್ರಾಧಿಕಾರಕ್ಕೆ ಅರ್ಜಿಯೋ, ಸಿವಿಲ್ ದಾವೆಯೋ?

(ರೈತ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



ಕಾಲುವೆಗೋ ಕೆರೆಗೋ ಜಮೀನು ಹೋಗುತ್ತದೆ. ಕೆಲವು ತಿಂಗಳ ಮೇಲೆ ಐತೀರ್ಪಿನ ನೋಟೀಸು ಬರುತ್ತದೆ. ಹಳ್ಳಿಯ ಮಾತಿನಲ್ಲಿ ಇದು ‘ಅವಾರ್ಡು’. ಅದರಲ್ಲಿ ಬರೆದ ಬೆಲೆಯನ್ನು ನೋಡಿ ರೈತನಿಗೆ ಹೊಟ್ಟೆ ಉರಿಯುತ್ತದೆ. ನೆಟ್ಟಗೆ ತಾಲ್ಲೂಕಿಗೆ ಹೋಗಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿಸುತ್ತಾನೆ. ಬೆಲೆಯ ಮಾತು ಬರುವ ಮೊದಲೇ ಅಲ್ಲಿ ಸೋಲುತ್ತಾನೆ.

ಕಾರಣವಿಷ್ಟೇ. 1-1-2014ರಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯಿದೆಯ 63ನೆಯ ಕಲಮಿನ ಪ್ರಕಾರ, ಜಿಲ್ಲಾಧಿಕಾರಿ ಅಥವಾ ಪ್ರಾಧಿಕಾರ ತೀರ್ಮಾನಿಸಬೇಕಾದ ವಿಷಯವನ್ನು ಸಿವಿಲ್ ನ್ಯಾಯಾಲಯ ಕೈಗೆತ್ತಿಕೊಳ್ಳುವಂತಿಲ್ಲ, ತಡೆಯಾಜ್ಞೆಯನ್ನೂ ಕೊಡುವಂತಿಲ್ಲ. 1894ರ ಹಳೆಯ ಕಾಯಿದೆಯ ಕಾಲದ ಸ್ವಾಧೀನಗಳಿಗೂ ಇದೇ ಮಾತು ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯೊಂದರಲ್ಲಿ ಹೇಳಿದೆ. ಸ್ವಾಧೀನದ ಕ್ರಮವೇ ಕಾನೂನುಬಾಹಿರವೆನ್ನುವವರು ರಿಟ್ ಅರ್ಜಿಯೊಡನೆ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಬೆಲೆ ಕಡಿಮೆಯಾಯಿತೆನ್ನುವವರಿಗೆ, ಅಥವಾ ಹಣದ ಹಂಚಿಕೆಯಲ್ಲಿ ಅಣ್ಣತಮ್ಮಂದಿರ ತಕರಾರಿದ್ದವರಿಗೆ, 64ನೆಯ ಕಲಮಿನ ದಾರಿಯಿದೆ.

ಆ ದಾರಿ ಸುಲಭ, ಆದರೆ ಗಡುವು ಬಿಗಿ. ಐತೀರ್ಪಿನ ಹೊತ್ತಿಗೆ ರೈತನಾಗಲಿ ಅವನ ಪರವಾದವರಾಗಲಿ ಹಾಜರಿದ್ದರೆ ಅಂದಿನಿಂದ 6 ವಾರ. ಹಾಜರಿಲ್ಲದಿದ್ದರೆ ನೋಟೀಸು ಮುಟ್ಟಿದ ಮೇಲೆ 6 ವಾರ, ಇಲ್ಲವೇ ಐತೀರ್ಪಿನ ದಿನದಿಂದ 6 ತಿಂಗಳು. ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಕೊನೆ. ತಕ್ಕ ಕಾರಣವಿದ್ದರೆ ಜಿಲ್ಲಾಧಿಕಾರಿಯು ಇನ್ನೊಂದು ವರ್ಷದವರೆಗೆ ಅರ್ಜಿ ಸ್ವೀಕರಿಸಬಹುದು. ಎರಡು ವರ್ಷ ಸಿವಿಲ್ ಕೋರ್ಟಿಗೆ ಅಲೆದು, ದಾವೆ ವಜಾ ಆದ ಮೇಲೆ ಇತ್ತ ತಿರುಗುವವನಿಗೆ ಈ ಬಾಗಿಲೂ ಮುಚ್ಚಿರುತ್ತದೆ. ಅರ್ಜಿ ಬಂದ 30 ದಿನಗಳೊಳಗೆ ಜಿಲ್ಲಾಧಿಕಾರಿಯು ಅದನ್ನು ಪ್ರಾಧಿಕಾರಕ್ಕೆ ಕಳಿಸತಕ್ಕದ್ದು. ಕಳಿಸದಿದ್ದರೆ ರೈತನು ನೇರವಾಗಿ ಪ್ರಾಧಿಕಾರವನ್ನೇ ಕೇಳಿಕೊಳ್ಳಬಹುದು. ಅಲ್ಲಿನ ತೀರ್ಪೂ ಒಪ್ಪಿಗೆಯಾಗದಿದ್ದರೆ 60 ದಿನಗಳಲ್ಲಿ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ.

ಹಣ ತೆಗೆದುಕೊಳ್ಳುವಾಗಲೂ ಎಚ್ಚರ ಬೇಕು. ‘ತಕರಾರಿನೊಡನೆ ಪಡೆದಿದ್ದೇನೆ’ ಎಂದು ರಸೀತಿಯ ಮೇಲೆ ಬರೆದು ರುಜು ಹಾಕಬೇಕು. ಬರೆಯದೆ ಪಡೆದವನಿಗೆ 64ನೆಯ ಕಲಮಿನ ಹಕ್ಕು ಹೋಯಿತು. ಮಗಳ ಮದುವೆ, ಸೊಸೈಟಿ ಸಾಲ ಎಂದು ಅವಸರದಲ್ಲಿ ರುಜು ಹಾಕುವ ರೈತನಿಗೆ ಈ ಒಂದು ಸಾಲನ್ನು ಗ್ರಾಮಸೇವಕರು ಮೊದಲೇ ತಿಳಿಸಿಕೊಟ್ಟರೆ ದೊಡ್ಡ ಉಪಕಾರ.

ಇನ್ನು ಬೆಲೆ ಕಟ್ಟುವ ಬಗೆ. ನೋಂದಣಿಗೆಂದು ಮುದ್ರಾಂಕ ಕಾಯಿದೆಯಂತೆ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಒಂದು. ಸುತ್ತಿನ ಅದೇ ತರಹದ ಜಮೀನುಗಳ ಹಿಂದಿನ 3 ವರ್ಷಗಳ ಕ್ರಯಪತ್ರಗಳ ಸರಾಸರಿ ಇನ್ನೊಂದು. ಯಾವುದು ಹೆಚ್ಚೋ ಅದೇ ಆಧಾರ. ಸರಾಸರಿಗೆ ಎಲ್ಲ ಪತ್ರಗಳೂ ಸೇರುವುದಿಲ್ಲ: 20 ಪತ್ರಗಳಿದ್ದರೆ ಹೆಚ್ಚು ಬೆಲೆಯ 10 ಮಾತ್ರ. ಎಕರೆಗೆ 10 ಲಕ್ಷ ಬಂತೆನ್ನಿ. ಹಳ್ಳಿಗಾಡಿನ ಗುಣಕ 1ರಿಂದ 2ರವರೆಗೆ ಇರುತ್ತದೆ, 1.5 ಇದ್ದರೆ 15 ಲಕ್ಷ. ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರಿ 30 ಲಕ್ಷ. ಮೂಲಬೆಲೆಯಲ್ಲಿ 1 ಲಕ್ಷ ಏರುಪೇರಾದರೆ ಕೊನೆಗೆ 3 ಲಕ್ಷದ ವ್ಯತ್ಯಾಸ! ಛಾಪಾ ಖರ್ಚು ಉಳಿಸಲೆಂದು ಕ್ರಯಪತ್ರದಲ್ಲಿ ಅರ್ಧ ಬೆಲೆ ಬರೆಸುವ ಊರಿನವರು ತಮ್ಮ ಸರಾಸರಿಯನ್ನು ತಾವೇ ಇಳಿಸಿಕೊಂಡಿರುತ್ತಾರೆ. ಇದನ್ನು ಹೇಳಿದರೆ ಕೆಲವರು ನಗುತ್ತಾರೆ, ಅವಾರ್ಡು ಬರುವ ತನಕ.

ಮರ ಮತ್ತು ಬೆಳೆಗಳ ಲೆಕ್ಕ ಬೇರೆ. 29ನೆಯ ಕಲಮಿನಂತೆ ಇವಕ್ಕೆ ಬೆಲೆ ಕಟ್ಟಲು ಕೃಷಿ, ತೋಟಗಾರಿಕೆ, ಅರಣ್ಯ, ರೇಷ್ಮೆ ಬಲ್ಲವರ ನೆರವನ್ನು ಜಿಲ್ಲಾಧಿಕಾರಿ ಪಡೆಯಬಹುದು. ಅವರ ಮುಂದೆ ಬಾಯಿಮಾತು ನಡೆಯದು. ಪಹಣಿಯಲ್ಲಿ ರಾಗಿ ಎಂದಿದ್ದು ಹೊಲದಲ್ಲಿ ಫಲ ಬಿಡುವ ತೆಂಗು ನಿಂತಿದ್ದರೆ ಹೊಡೆತ ರೈತನಿಗೇ. ಬೆಳೆ ಕಾಲಮನ್ನು ಮುಂಚೆಯೇ ಸರಿಪಡಿಸಿಕೊಳ್ಳಬೇಕು. ಜಂಟಿ ಅಳತೆಯ ದಿನ ಹೊಲದಲ್ಲೇ ಇದ್ದು, ಮರಗಳ ಸಂಖ್ಯೆ, ವಯಸ್ಸು, ಕೊಳವೆ ಬಾವಿ, ಪೈಪು, ಬದು ಎಲ್ಲವನ್ನೂ ಮಹಜರಿನಲ್ಲಿ ಬರೆಸಬೇಕು. ಮಂಡಿಯ ಪಟ್ಟಿ, ಕಾಯಿ ಮಾರಿದ ಚೀಟಿ, ಗೊಬ್ಬರದ ಬಿಲ್ಲುಗಳನ್ನು ಒಂದು ಕಡತದಲ್ಲಿಟ್ಟುಕೊಳ್ಳಬೇಕು. ಒಟ್ಟು ಉತ್ಪತ್ತಿಯನ್ನಷ್ಟೇ ಹೇಳಿದರೆ ಲೆಕ್ಕ ನಿಲ್ಲುವುದಿಲ್ಲ. ಸಾಗುವಳಿ ಖರ್ಚು ಕಳೆದ ನಿವ್ವಳ ಆದಾಯವನ್ನು ತೋರಿಸಬೇಕು.

ರಾಷ್ಟ್ರೀಯ ಹೆದ್ದಾರಿಗೆ ಹೋದ ಜಮೀನಿನ ದಾರಿ ಇದಲ್ಲ. ಅಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಅರ್ಜಿ. ಆದ್ದರಿಂದ ನೋಟೀಸಿನಲ್ಲಿ ಯಾವ ಕಾಯಿದೆಯ ಹೆಸರಿದೆಯೆಂದು ಮೊದಲು ಓದಬೇಕು.

ಗಡುವು ತಪ್ಪಿಸಿಕೊಂಡವರಿಗೂ ಒಂದು ಅವಕಾಶ ಉಳಿದಿದೆ. ಅದೇ ಅಧಿಸೂಚನೆಯ ಜಮೀನಿನ ನೆರೆಯವನು ಪ್ರಾಧಿಕಾರದಲ್ಲಿ ಹೆಚ್ಚಿನ ಬೆಲೆ ಪಡೆದರೆ, ಆ ತೀರ್ಪಿನ ದಿನದಿಂದ 3 ತಿಂಗಳೊಳಗೆ 73ನೆಯ ಕಲಮಿನಂತೆ ತನಗೂ ಅದೇ ಲೆಕ್ಕ ಮಾಡಿಕೊಡಬೇಕೆಂದು ಜಿಲ್ಲಾಧಿಕಾರಿಗೆ ಬರೆದುಕೊಳ್ಳಬಹುದು. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳು ಈ 3 ತಿಂಗಳ ಲೆಕ್ಕಕ್ಕೆ ಸೇರುವುದಿಲ್ಲ.