ಎಕ್ಸ್‌ರೇಯಲ್ಲಿ ಕಾಣದ ಎಲುಬು

(ಎಲುಬು-ಕೀಲು ವಿಭಾಗದ ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ನೀಡಿದ ಆರೋಗ್ಯ ತಿಳುವಳಿಕೆ ಭಾಷಣ)





ಎಲುಬು ಮುರಿದು ಬಂದವರು ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. "ಸಿಸ್ಟರ್, ಪ್ಲಾಸ್ಟರ್ ಹಾಕಿ ಮೂರು ವಾರ ಆತು, ಎಕ್ಸ್‌ರೇದಾಗ ಸೀಳು ಹಂಗೇ ಕಾಣ್ತದ. ಎಲುಬು ಇನ್ನೂ ಕೂಡಿಲ್ಲೇನ್ರೀ?" ಹೀಗೆ ಗಾಬರಿಯಾಗಿ ಕೆಲವರು ಪ್ಲಾಸ್ಟರ್ ಬಿಚ್ಚಿಸಿ ಬೇರೆ ಕಡೆ ಕಟ್ಟಿಸಲು ಹೊರಡುತ್ತಾರೆ. ಇನ್ನು ಕೆಲವರು ನೋವು ಇಳಿಯಿತೆಂದು ಯಾರಿಗೂ ಹೇಳದೆ ಕಾಲೂರಿ ನಡೆದುಬಿಡುತ್ತಾರೆ. ಎರಡರಿಂದಲೂ ಎಲುಬು ಸೊಟ್ಟಗೆ ಕೂಡುವ ಅಥವಾ ಕೂಡದೇ ಉಳಿಯುವ ಅಪಾಯವಿದೆ. ಆದ್ದರಿಂದ ಎಲುಬಿನೊಳಗೆ ಏನಿದೆ ಎಂಬುದನ್ನು ಇಂದು ಸ್ವಲ್ಪ ತಿಳಿದುಕೊಳ್ಳೋಣ.

ಎಲುಬೆಂದರೆ ಬರೀ ಸುಣ್ಣದ ಗಟ್ಟಿಯಲ್ಲ. ಅದರ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಸಣ್ಣ ಸಣ್ಣ ಹರಳುಗಳು. ಉಳಿದದ್ದರಲ್ಲಿ ಸ್ವಲ್ಪ ನೀರು. ಬಾಕಿಯೆಲ್ಲ ನಾರಿನಂತಹ ಒಂದು ಬಲೆ. ಈ ಬಲೆಯಲ್ಲಿ ಶೇಕಡಾ 90ರಷ್ಟು ಇರುವುದು ಕಾಲಜನ್ ಎಂಬ ಪ್ರೋಟೀನು. ಮನೆಗೆ ಸ್ಲ್ಯಾಬ್ ಹಾಕಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಮೊದಲು ಕಬ್ಬಿಣದ ಸರಳು ಕಟ್ಟಿ, ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಭಾರ ಹೊರುವುದು ಕಾಂಕ್ರೀಟ್, ಬಾಗುವಾಗ ಬಿರುಕು ಬಿಡದಂತೆ ಹಿಡಿಯುವುದು ಸರಳು. ಎಲುಬಿನಲ್ಲಿ ಸರಳಿನ ಕೆಲಸ ಕಾಲಜನ್ನಿನದು, ಕಾಂಕ್ರೀಟಿನ ಕೆಲಸ ಕ್ಯಾಲ್ಸಿಯಂ ಹರಳುಗಳದ್ದು.

ವಿಜ್ಞಾನದ ತರಗತಿಗಳಲ್ಲಿ ಇದನ್ನು ತೋರಿಸಲು ಒಂದು ಪ್ರಯೋಗ ಮಾಡುತ್ತಾರೆ. ಕೋಳಿಯ ಎಲುಬೊಂದನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಹಾಕಿದರೆ ಸುಣ್ಣದ ಅಂಶ ಕರಗಿಹೋಗುತ್ತದೆ. ಆಕಾರ ಹಾಗೇ ಇರುತ್ತದೆ, ಆದರೆ ರಬ್ಬರಿನಂತೆ ಬಾಗುತ್ತದೆ! ಅದೇ ಎಲುಬನ್ನು ಬೆಂಕಿಯಲ್ಲಿ ಚೆನ್ನಾಗಿ ಸುಟ್ಟರೆ ಬಲೆ ಸುಟ್ಟುಹೋಗಿ ಸುಣ್ಣ ಉಳಿಯುತ್ತದೆ. ಆಗಲೂ ಆಕಾರ ಇರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿ.

ಸುಣ್ಣ ತೆಗೆದ ಮೇಲೆ ಉಳಿಯುವ ಆ ಬಾಗುವ ಪದಾರ್ಥಕ್ಕೆ ಆಸ್ಸೀನ್ ಎಂಬ ಹೆಸರಿದೆ. ಜೀವಂತ ದೇಹದಲ್ಲಿ ಹೊಸದಾಗಿ ನೇಯ್ದ, ಇನ್ನೂ ಸುಣ್ಣ ಕೂಡದ ಹಸಿ ಬಲೆಗೆ ಡಾಕ್ಟರರು ಆಸ್ಟಿಯಾಯ್ಡ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಆಸ್ಟಿಯಾನ್ ಎಂದರೆ ಎಲುಬು. ಆಸ್ಟಿಯಾಯ್ಡ್ ಎಂದರೆ 'ಎಲುಬಿನಂಥದ್ದು'. ನಮ್ಮ 'ಅಸ್ಥಿ' ಶಬ್ದವೂ ಆ ಆಸ್ಟಿಯಾನೂ ಒಂದೇ ಮೂಲದವು ಎಂದು ಭಾಷೆ ಬಲ್ಲವರು ಹೇಳುತ್ತಾರೆ. ಆಸ್ಟಿಯಾಯ್ಡ್ ಇನ್ನೂ ಪೂರ್ತಿ ಎಲುಬಲ್ಲ, ಎಲುಬಾಗುತ್ತಿರುವ ವಸ್ತು. ಈ ಹೆಸರು ನನಗೆ ಬಹಳ ಸರಿ ಎನಿಸುತ್ತದೆ.

ಈಗ ನಿಮ್ಮ ಎಕ್ಸ್‌ರೇಗೆ ಬರೋಣ. ಎಕ್ಸ್‌ರೇ ಫಿಲ್ಮಿನಲ್ಲಿ ಎಲುಬು ಬೆಳ್ಳಗೆ ಕಾಣುವುದು ಸುಣ್ಣದ ಅಂಶದಿಂದ. ಹಸಿ ಬಲೆ ಅದರಲ್ಲಿ ಕಾಣುವುದಿಲ್ಲ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ನಂತರ ಮೆತ್ತಗಿನ ನಾರು ಮತ್ತು ಮೃದ್ವಸ್ಥಿ ಬೆಳೆದು ಎರಡೂ ತುದಿಗಳನ್ನು ಹಿಡಿಯುತ್ತವೆ. ಆಮೇಲೆ ಎಲುಬು ಕಟ್ಟುವ ಜೀವಕೋಶಗಳು ಹೊಸ ಬಲೆ ನೇಯುತ್ತವೆ. ಸಾಮಾನ್ಯವಾಗಿ ಈ ಬಲೆ ಹತ್ತು-ಹದಿನೈದು ದಿನ ಹಸಿಯಾಗಿಯೇ ಇರುತ್ತದೆ. ನಂತರ ಅದರಲ್ಲಿ ಸುಣ್ಣ ಕೂಡಲು ಶುರುವಾಗಿ, ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಹಾಗಾಗಿ ಮೂರು ವಾರಕ್ಕೆ ಸೀಳು ಕಂಡರೆ ಕೆಲಸ ನಡೆದಿಲ್ಲ ಎಂದಲ್ಲ. ಅದೇ ರೀತಿ, ನೋವು ಇಳಿದರೆ ಸ್ಲ್ಯಾಬ್ ಗಟ್ಟಿಯಾಯಿತು ಎಂದೂ ಅಲ್ಲ. "ಪಕ್ಕದ ಬೆಡ್ಡಿನವರನ್ನು ಮರುದಿನವೇ ನಡೆಸಿದರಲ್ಲ?" ಎಂದು ಕೇಳಬಹುದು. ಅವರ ಎಲುಬಿನೊಳಗೆ ಹಾಕಿದ ರಾಡು ಭಾರ ಹೊರುತ್ತಿರುತ್ತದೆ. ನಿಮ್ಮ ಕಾಲಿಗೆ ಎಷ್ಟು ಭಾರ, ಯಾವಾಗ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಕೆಲವರಲ್ಲಿ ಬಲೆ ಇರುತ್ತದೆ, ಸುಣ್ಣ ಮಾತ್ರ ಕೂಡುವುದಿಲ್ಲ. ಮಕ್ಕಳಲ್ಲಿ ಇದಕ್ಕೆ ರಿಕೆಟ್ಸ್ ಎನ್ನುತ್ತಾರೆ, ಕಾಲು ಬಿಲ್ಲಿನಂತೆ ಬಾಗುತ್ತದೆ. ದೊಡ್ಡವರಲ್ಲಿ ಆಸ್ಟಿಯೋಮಲೇಶಿಯಾ: ಸೊಂಟ, ತೊಡೆ ನೋವು, ನೆಲದಿಂದ ಏಳಲು ಕಷ್ಟ. ಇದನ್ನು ವಯಸ್ಸಿನ ನೋವೆಂದು ನಮ್ಮ ತಾಯಂದಿರು ವರ್ಷಗಟ್ಟಲೆ ಸಹಿಸಿಕೊಳ್ಳುವುದು ನನಗೆ ಬೇಸರದ ಸಂಗತಿ. ಹೆಚ್ಚಾಗಿ ಇದಕ್ಕೆ ವಿಟಮಿನ್ ಡಿ ಕೊರತೆಯೇ ಕಾರಣ, ಚಿಕಿತ್ಸೆಯಿಂದ ಗುಣವಾಗುತ್ತದೆ. ಬಿಸಿಲು ಮೈಗೆ ನೇರ ಬೀಳಬೇಕು. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಪ್ರಯೋಜನವಿಲ್ಲ. ಒಂದು ಮಾತು ಗಮನವಿಟ್ಟು ಕೇಳಿ: ವಿಟಮಿನ್ ಡಿ 60,000 ಯೂನಿಟ್ಟಿನ ಪುಡಿಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಬರೆದಿರುತ್ತಾರೆ. ಬೇಗ ಗುಣವಾಗಲೆಂದು ದಿನಾ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಚೀಟಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಊಟದ ವಿಷಯ. ಕಾಲು ಸೂಪು ಕುಡಿಯದೆ ಎಲುಬು ಕೂಡುವುದಿಲ್ಲ ಎಂದು ಯಾರೋ ಹೇಳಿದರೆ ಸಸ್ಯಾಹಾರಿಗಳು ಚಿಂತಿಸಬೇಕಿಲ್ಲ. ಬಲೆ ನೇಯಲು ಪ್ರೋಟೀನು ಬೇಕು: ಬೇಳೆ, ಮೊಳಕೆ ಕಾಳು, ಶೇಂಗಾ, ಹಾಲು, ಮೊಸರು. ನೇಯ್ದ ಎಳೆ ಬಿಗಿಯಾಗಲು ವಿಟಮಿನ್ ಸಿ ಬೇಕು: ನೆಲ್ಲಿಕಾಯಿ, ಪೇರಲ, ನಿಂಬೆ. ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಸುಣ್ಣದಂಶಕ್ಕೆ ಹಾಲಿನ ಜೊತೆ ರಾಗಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೀಡಿ-ಸಿಗರೇಟು ಎಲುಬು ಕೂಡುವುದನ್ನು ನಿಧಾನ ಮಾಡುತ್ತದೆ. ಜಾಹೀರಾತಿನ ಕಾಲಜನ್ ಪುಡಿಗೆ ಹಣ ಸುರಿಯುವ ಬದಲು ಆ ದುಡ್ಡಿಗೆ ಹಾಲು ತನ್ನಿ. ಆ ಪುಡಿಯೂ ಹೊಟ್ಟೆಯಲ್ಲಿ ಜೀರ್ಣವಾಗಿ ಚೂರಾಗುವುದೇ ಹೊರತು ನೇರವಾಗಿ ಎಲುಬಿಗೆ ಹೋಗಿ ಕೂರುವುದಿಲ್ಲ. ಅದು ಬರುವುದೂ ಪ್ರಾಣಿಗಳ ಚರ್ಮ, ಎಲುಬು ಅಥವಾ ಮೀನಿನಿಂದ.

ಕೊನೆಯದಾಗಿ ಕ್ಯಾಪ್ಸೂಲ್ ವಿಚಾರ. ಆಸ್ಸೀನ್ ಕುದಿಸಿದರೆ ಜೆಲಾಟಿನ್ ಆಗುತ್ತದೆ. ಹೆಚ್ಚಿನ ಕ್ಯಾಪ್ಸೂಲುಗಳ ಹೊರಕವಚ ಜೆಲಾಟಿನ್ನಿನದೇ. ಇದನ್ನು ತಿಳಿದು ಕೆಲವರು ಔಷಧಿಯನ್ನೇ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ನಿಮಗೆ ಅದು ಬೇಡವೆನಿಸಿದರೆ ಸಂಕೋಚವಿಲ್ಲದೆ ನಮಗೆ ಹೇಳಿ. ಬಹಳಷ್ಟು ಔಷಧಿಗಳು ಮಾತ್ರೆ, ಸಿರಪ್ ಅಥವಾ ಸಸ್ಯಮೂಲದ ಕವಚದಲ್ಲಿ ಸಿಗುತ್ತವೆ. ಬದಲಿಸಬಹುದೇ ಎಂದು ಡಾಕ್ಟರರನ್ನು ಕೇಳಿ ತಿಳಿಸುತ್ತೇವೆ. ಅಲ್ಲಿಯವರೆಗೆ ಡೋಸ್ ತಪ್ಪಿಸಬೇಡಿ.