ಸುಳ್ಳಿನ ಗುರುತು ಮುಖದಲ್ಲಿಲ್ಲ

ಮೇಷ್ಟರಾಗಿದ್ದಾಗ ನಾವೊಂದು ತಪ್ಪು ಮಾಡಿದೆವು. ತರಗತಿಯಲ್ಲಿ ಪೆನ್ನು ಕಳೆದಾಗ, ತೊದಲುತ್ತ ಬೆವರಿದ ಹುಡುಗನಿಗೇ ಬೆತ್ತ ಬೀಸಿದೆವು. ಕಣ್ಣಲ್ಲಿ ಕಣ್ಣಿಟ್ಟು “ಗೊತ್ತಿಲ್ಲ ಸಾರ್” ಎಂದವನ ಚೀಲದಲ್ಲಿ ಪೆನ್ನು ಸಿಕ್ಕಿತು.

ಬೆವರು ಭಯದ ಗುರುತು, ಸುಳ್ಳಿನದಲ್ಲ. ಬಾಂಡ್ ಮತ್ತು ಡಿಪೌಲೊ ಎಂಬ ಸಂಶೋಧಕರು 2006ರಲ್ಲಿ ಬಹಳಷ್ಟು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದರು. ನಿಜವೋ ಸುಳ್ಳೋ ಎಂದು ತೀರ್ಮಾನಿಸಹೊರಟವರು ನೂರಕ್ಕೆ 54 ಸಲ ಮಾತ್ರ ಸರಿ. ಕಾಸು ಚಿಮ್ಮಿದರೂ 50 ಸಿಕ್ಕೀತು! 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರನ್ನೂ ಸುಳ್ಳುಪತ್ತೆ ಯಂತ್ರಕ್ಕೆ ಒಡ್ಡಕೂಡದೆಂದಿತು.

ಗಿರಣಿಯಲ್ಲಿ ಸಂಗಾತಿಯ ಮೇಲೆ ಕಳವಿನ ಆರೋಪ ಬಂದರೆ ಮುಖ ನೋಡಬೇಡಿ. ಹಾಜರಿ ಪುಸ್ತಕ ತೆಗೆಸಿ. ಅಂಗಡಿಯವರೇ, ನಗುಮುಖ ನಂಬಬೇಡಿ, ರಸೀತಿ ಕೇಳಿ. ನಡುಗುವವನೆಲ್ಲ ಕಳ್ಳನಲ್ಲ.