ಗೆದ್ದವಳಿಗೆ ಎರಡನೇ ಸಲ ಯಾಕಿಲ್ಲ?

ಇವತ್ತು ಇಬ್ಬರು ಹೆಣ್ಣುಮಕ್ಕಳ ರಾಜಕೀಯದ ಕಥೆ ಹೇಳ್ತೀನಿ. ಒಬ್ಬರು ಇತಿಹಾಸದಲ್ಲಿದ್ದಾರೆ, ಇನ್ನೊಬ್ಬರು ನಮ್ಮ ಮನೆಯಲ್ಲಿದ್ದಾರೆ. ಇಬ್ಬರಿಗೂ ವೋಟು ಹಾಕಿದ್ದು ಗುಂಡ್ಲುಪೇಟೆಯ ಜನ.

ಮೊದಲನೆಯವರು ಕೆ.ಎಸ್. ನಾಗರತ್ನಮ್ಮ. ಗುಂಡ್ಲುಪೇಟೆಯಿಂದ ಏಳು ಸಲ ಶಾಸಕಿ. 1957, 62, 67, 72, ಹೀಗೆ ನಾಲ್ಕು ಚುನಾವಣೆ ಸತತವಾಗಿ ಗೆದ್ದರು. ಮಹಿಳಾ ಮೀಸಲಾತಿ ಅನ್ನೋದು ಆಗ ವಿಧಾನಸಭೆಗೆ ಇರಲಿಲ್ಲ. ಈಗಲೂ ಜಾರಿಗೆ ಬಂದಿಲ್ಲ ಬಿಡಿ.

1972ರಲ್ಲಿ ಅವರು ಸ್ಪೀಕರ್ ಆದರು. ಮುಖ್ಯಮಂತ್ರಿ ದೇವರಾಜ ಅರಸು. ನಮ್ಮ ರಾಜ್ಯ ಮೈಸೂರು ಹೋಗಿ ಕರ್ನಾಟಕ ಆಗಿದ್ದು 1973ರ ನವೆಂಬರ್ 1ರಂದು. ಆಗ ಸದನದ ಆ ಪೀಠದಲ್ಲಿ ಕೂತಿದ್ದವರು ಇವರೇ. ಇಂದಿನವರೆಗೂ ಕರ್ನಾಟಕ ವಿಧಾನಸಭೆಗೆ ಇನ್ನೊಬ್ಬ ಮಹಿಳಾ ಸ್ಪೀಕರ್ ಬಂದಿಲ್ಲ.

1978ರಲ್ಲಿ ಆ ಸರಣಿ ಮುರೀತು, ಕ್ಷೇತ್ರ ಬೇರೆಯವರ ಪಾಲಾಯ್ತು. ಕಥೆ ಅಲ್ಲಿಗೇ ಮುಗೀಬಹುದಿತ್ತು. ಆದರೆ 1983ರಲ್ಲಿ ಅವರು ಮತ್ತೆ ಗೆದ್ದು ಬಂದರು. 85, 89ರಲ್ಲೂ ಗೆದ್ದರು, ಸದನದಲ್ಲಿ ವಿರೋಧ ಪಕ್ಷದ ನಾಯಕಿಯೂ ಆದರು.

ಈಗ ನಮ್ಮ ದೊಡ್ಡಮ್ಮ. 2010ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮಹಿಳೆಯರ ಮೀಸಲಾತಿ ಶೇಕಡಾ 50ಕ್ಕೆ ಏರಿತ್ತು. ನಮ್ಮ ವಾರ್ಡು ಮಹಿಳೆಗೆ ಬಂತು. ಊರಿನ ಮುಖಂಡರು ಬಂದು ದೊಡ್ಡಪ್ಪನ ಹತ್ತಿರ ಮಾತಾಡಿದರು. ದೊಡ್ಡಮ್ಮನನ್ನ ಯಾರೂ ಕೇಳಲಿಲ್ಲ.

ಮೊದಲನೇ ವರ್ಷ ಸಹಿ ದೊಡ್ಡಮ್ಮನದು, ಮಾತು ದೊಡ್ಡಪ್ಪನದು. ಒಂದು ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟುಹೋಯ್ತು. ಹೆಂಗಸರೆಲ್ಲ ಕೊಡ ಹಿಡ್ಕೊಂಡು ನಮ್ಮ ಮನೆ ಮುಂದೆ ನಿಂತರು. ದೊಡ್ಡಪ್ಪ ಊರಲ್ಲಿರಲಿಲ್ಲ. ದೊಡ್ಡಮ್ಮ ಸೆರಗು ಸಿಕ್ಕಿಸ್ಕೊಂಡು ಒಬ್ಬಳೇ ಪಂಚಾಯಿತಿ ಆಫೀಸಿಗೆ ಹೋದಳು. ಮೋಟರ್ ರಿಪೇರಿ ಆಗೋವರೆಗೂ ಅಲ್ಲಿಂದ ಏಳಲಿಲ್ಲ. ಅವತ್ತಿನಿಂದ ಮೀಟಿಂಗಿಗೆ ಅವಳೇ ಹೋಗ್ತಿದ್ದಳು. ಬಿಲ್ ತೋರಿಸಿ ಅಂತ ಕೇಳೋದು ಕಲಿತಳು. ಎರಡು ಬೀದಿಗೆ ನೀರಿನ ತೊಂಬೆ ತಂದಳು.

2015ಕ್ಕೆ ಮೀಸಲಾತಿ ಬದಲಾಯ್ತು, ವಾರ್ಡು ಸಾಮಾನ್ಯಕ್ಕೆ ಹೋಯ್ತು. ಸಾಮಾನ್ಯ ಅಂದ್ರೆ ಯಾರು ಬೇಕಾದ್ರೂ ನಿಲ್ಲಬಹುದು, ಹೆಂಗಸರೂ ನಿಲ್ಲಬಹುದು. ಆದರೆ ನಮ್ಮೂರಲ್ಲಿ ಅದನ್ನ 'ಗಂಡಸರ ಸೀಟು' ಅಂತಾರೆ. ನಿಂತ್ಕೋ ದೊಡ್ಡಮ್ಮ ಅಂತ ನಾನು ಹೇಳಿದೆ. "ಬುಡು ಮಗ, ನನ್ ಸರದಿ ಮುಗೀತು" ಅಂದಳು. ಹಾಗಂತ ಅವಳಿಗೆ ಹೇಳಿದವರು ಯಾರು ಅಂತ ನನಗೆ ಗೊತ್ತು. ಅವರಲ್ಲಿ ನಮ್ಮ ಮನೆಯವರೂ ಇದ್ದರು.

ನನಗೆ ಅರ್ಥ ಆಗಿದ್ದು ಇಷ್ಟು. ಮೀಸಲಾತಿ ಬಾಗಿಲು ತೆಗೀತು, ದೊಡ್ಡಮ್ಮ ಒಳಗೆ ಹೋಗಿದ್ದು ಅದರಿಂದಲೇ. ಆದರೆ ರಾಜಕಾರಣಿ ಬೆಳೆಯೋದು ಎರಡನೇ, ಮೂರನೇ ಚುನಾವಣೆಯಲ್ಲಿ. ನಾಗರತ್ನಮ್ಮನವರಿಗೆ 1983 ಸಿಕ್ತು. ದೊಡ್ಡಮ್ಮನಿಗೆ 2015 ಸಿಗಲಿಲ್ಲ.

ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳದು. 2023ರ ಚುನಾವಣೆಯಲ್ಲಿ ವಿಧಾನಸಭೆಗೆ ಗೆದ್ದ 224 ಜನರಲ್ಲಿ ಮಹಿಳೆಯರು ಕೇವಲ 10. ನಡುವೆ ಉಳಿದವರೆಲ್ಲ ಎಲ್ಲಿ ಹೋದರು? ಅದೇ ವರ್ಷ ಸಂಸತ್ತು ಮೂರನೇ ಒಂದು ಭಾಗ ಮೀಸಲಿಡೋ ತಿದ್ದುಪಡಿ ಪಾಸು ಮಾಡಿತು. ಒಳ್ಳೇದೇ. ಆದರೆ ಅಲ್ಲೂ ಸೀಟುಗಳು ಸರದಿಯಲ್ಲಿ ಬದಲಾಗ್ತವೆ. ಆಗ ಮತ್ತೆ ಇದೇ ಪ್ರಶ್ನೆ ಬರುತ್ತೆ.

ನಿಮ್ಮೂರಲ್ಲಿ ಪಂಚಾಯಿತಿ ಚುನಾವಣೆ ಬಂದಾಗ ಒಂದು ಮಾತು ಕೇಳಿ: ಕಳೆದ ಸಲ ಗೆದ್ದಿದ್ದ ಅಕ್ಕ ಈ ಸಲ ಯಾಕೆ ನಿಂತಿಲ್ಲ? ಮೊದಲು ನಿಮ್ಮ ಮನೆಯಲ್ಲೇ ಕೇಳಿ. ನಾನು ಕೇಳೋಕೆ ತಡ ಮಾಡಿದೆ.